@ ಆದಮೇಲೆ ಬರುವ ಹೆಸರು ಯಾರದ್ದು?

ಇಯರ್‌ಫೋನ್ ಹಾಕಿಕೊಂಡು ಬಸ್ಸಲ್ಲಿ ಕೂತವರಿಗೂ, ಆಡಿಯೊ ಬಿಟ್ಟು ಇಲ್ಲಿ ಓದ್ತಾ ಇರುವವರಿಗೂ ಇವತ್ತಿನ ಕಂತು ಇಮೇಲ್ ವಿಳಾಸದ ಇತಿಹಾಸ. ಎಂತ ಮಾರಾಯ ಇದು ಬೋರು ಅಂತ ಸ್ಕಿಪ್ ಮಾಡಬೇಡಿ. ಇಮೇಲಿಂದ ಶುರು ಮಾಡುವುದಿಲ್ಲ, ಬ್ಯಾಂಕಿಂದ ಶುರು ಮಾಡುವ. ನಾನು ಕಾಮರ್ಸ್ ಓದಿದವ, ನಂಗೆ ಅದೇ ಸುಲಭ.

2020ರ ಏಪ್ರಿಲ್ 1. ದೇಶಕ್ಕೆ ದೇಶವೇ ಲಾಕ್‌ಡೌನ್. ನಮ್ಮ ಪಾಂಡೇಶ್ವರದಲ್ಲಿ ಪ್ರಧಾನ ಕಚೇರಿ ಇದ್ದ ಕಾರ್ಪೊರೇಷನ್ ಬ್ಯಾಂಕ್ ಆ ದಿನ ಯೂನಿಯನ್ ಬ್ಯಾಂಕಿನೊಳಗೆ ಸೇರಿ ಹೋಯ್ತು. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ ಬ್ಯಾಂಕು ಅದು. ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ ಸೇರಿತು. ಅದಕ್ಕೆ ಸರಿಯಾಗಿ ಒಂದು ವರ್ಷ ಮೊದಲು, 2019ರ ಏಪ್ರಿಲ್ 1ಕ್ಕೆ, ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಕ್ಕೆ ಹೋಗಿತ್ತು. 1931ರಲ್ಲಿ ಎ. ಬಿ. ಶೆಟ್ಟರು ಮಂಗಳೂರಲ್ಲಿ ಶುರು ಮಾಡಿದ್ದು. ಈ ವಿಲೀನದ ಬಗ್ಗೆ ಆಗ ಊರಲ್ಲಿ ಎಷ್ಟು ಮಾತು, ಎಷ್ಟು ಬೇಜಾರು ಇತ್ತು ಅಂತ ನಿಮಗೂ ನೆನಪಿರಬಹುದು. ಬೋರ್ಡು ಇಳಿಸಿದ್ದು ಎಲ್ಲರಿಗೂ ಕಂಡಿತು, ಪಾಸ್‌ಬುಕ್ ಬದಲಾದದ್ದು ಕಂಡಿತು, ಐಎಫ್‌ಎಸ್‌ಸಿ ಕೋಡ್ ಬದಲಾದಾಗ ಸಂಬಳ ಎಲ್ಲಿ ಹೋಗ್ತದೆ ಅಂತ ಗಡಿಬಿಡಿ ಆಯ್ತು. ಕಾಣದೆ ಹೋದದ್ದು ಒಂದುಂಟು. ಸಾವಿರಾರು ಜನರ ಇಮೇಲ್ ವಿಳಾಸದ ಅರ್ಧ ಭಾಗ. ಕಾರ್ಪ್‌ಬ್ಯಾಂಕ್ ಡಾಟ್ ಕೋ ಡಾಟ್ ಇನ್, ವಿಜಯಾಬ್ಯಾಂಕ್ ಡಾಟ್ ಕೋ ಡಾಟ್ ಇನ್. ವಿಸಿಟಿಂಗ್ ಕಾರ್ಡಲ್ಲಿ, ಲೆಟರ್‌ಹೆಡ್ಡಲ್ಲಿ, ಗ್ರಾಹಕರ ಮೊಬೈಲಲ್ಲಿ ಸೇವ್ ಆಗಿದ್ದ ಆ ವಿಳಾಸಗಳ ಕೊನೆಯ ಹೆಸರು ಹಳತಾಗಿ ಹೋಯ್ತು.

ಆ ಸಿಬ್ಬಂದಿಯನ್ನು ಯಾರೂ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ, ಯಾಕಂದ್ರೆ ಆ ಹೆಸರು ಬ್ಯಾಂಕಿನದ್ದು. ಸರಿ, ಆಫೀಸಿನ ಮೇಲ್ ಆಫೀಸಿನದ್ದು ಅನ್ನುವ. ನಿಮ್ಮ ಪರ್ಸನಲ್ ಮೇಲ್? @ ಆದಮೇಲೆ ಅಲ್ಲಿ ಯಾರ ಹೆಸರುಂಟು ಒಮ್ಮೆ ನೋಡಿ. ಜಿಮೇಲ್ ಅಂದ್ರೆ ಗೂಗಲ್, ಔಟ್‌ಲುಕ್ ಅಂದ್ರೆ ಮೈಕ್ರೋಸಾಫ್ಟ್. ಎಡಗಡೆಯ ಹೆಸರು ಮಾತ್ರ ನಿಮ್ಮದು. ಬಲಗಡೆಯದ್ದು ಬಾಡಿಗೆ ಮನೆ, ಅದೂ ಅಗ್ರಿಮೆಂಟ್ ಇಲ್ಲದ ಬಾಡಿಗೆ.

ಇದು ಹೀಗೇ ಇರಬೇಕು ಅಂತ ಯಾರೂ ಮೊದಲೇ ತೀರ್ಮಾನ ಮಾಡಿದ್ದಲ್ಲ. ಸ್ವಲ್ಪ ಹಿಂದೆ ಹೋಗುವ.

1971ರಲ್ಲಿ ಅಮೆರಿಕದಲ್ಲಿ ರೇ ಟಾಮ್ಲಿನ್ಸನ್ ಎಂಬ ಎಂಜಿನಿಯರ್ ಒಂದು ಕಂಪ್ಯೂಟರಿಂದ ಇನ್ನೊಂದಕ್ಕೆ ಸಂದೇಶ ಕಳಿಸಲಿಕ್ಕೆ @ ಚಿಹ್ನೆಯನ್ನು ಆರಿಸಿಕೊಂಡರು. ಆಗ ಬಲಗಡೆ ಇದ್ದದ್ದು ಒಂದು ಯಂತ್ರದ ಹೆಸರು. ಇಂಥವರು ಇಂಥ ಮಿಷನ್ನಿನಲ್ಲಿ ಇದ್ದಾರೆ, ಅಷ್ಟೇ. ಮಿಷನ್ನು ಬದಲಾದ್ರೆ ವಿಳಾಸವೂ ಬದಲು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡೊಮೈನ್ ನೇಮ್ ಸಿಸ್ಟಮ್ ರೂಪಿಸಿದರು. ಹೆಸರು ಬೇರೆ, ಯಂತ್ರ ಬೇರೆ ಅಂತಾಯ್ತು. ಆಮೇಲೆ 1986ರ ಜನವರಿಯಲ್ಲಿ ಕ್ರೇಗ್ ಪಾರ್ಟ್ರಿಜ್ ಬರೆದ ಒಂದು ಸಣ್ಣ ತಾಂತ್ರಿಕ ಟಿಪ್ಪಣಿಯಲ್ಲಿ ಎಂಎಕ್ಸ್ ರೆಕಾರ್ಡ್ ಎಂಬುದನ್ನು ಹೇಗೆ ಬಳಸಬೇಕು ಅಂತ ಸ್ಪಷ್ಟವಾಯ್ತು. ಇವತ್ತಿನ ಕಥೆಯ ಹೀರೋ ಅದೇ, ಹೆಸರು ಕೇಳಿ ಹೆದರಬೇಡಿ.

ಎಂಎಕ್ಸ್ ಅಂದ್ರೆ ಮೇಲ್ ಎಕ್ಸ್‌ಚೇಂಜ್. ಪೋಸ್ಟಾಫೀಸಿಗೆ ಹೋಗಿ "ನನ್ನ ಹೆಸರಿಗೆ ಬರುವ ಕಾಗದ ಎಲ್ಲ ಇನ್ನು ಮುಂದೆ ಕದ್ರಿಯ ಆ ಮನೆಗೆ ಕೊಡಿ" ಅಂತ ಬರೆದುಕೊಟ್ಟ ಹಾಗೆ. ನಾಳೆ ಮನೆ ಬದಲಾಯಿಸಿ ಬಜಪೆಗೆ ಹೋದ್ರೆ ಆ ಚೀಟಿ ಬದಲಿಸಿದ್ರೆ ಸಾಕು. ಕಾಗದ ಬರೆಯುವವರಿಗೆ ಏನೂ ಹೇಳಬೇಕಾಗಿಲ್ಲ. ಮೊಬೈಲ್ ನಂಬರ್ ಪೋರ್ಟ್ ಮಾಡ್ತೇವಲ್ಲ, ಅದು ಇಡೀ ದೇಶಕ್ಕೆ ಬಂದದ್ದು 2011ರ ಜನವರಿ 20ಕ್ಕೆ. ಇಮೇಲಿಗೆ ಅಂಥದ್ದೇ ಸೌಲಭ್ಯ 25 ವರ್ಷ ಮೊದಲೇ ಸಿದ್ಧ ಇತ್ತು. ಒಂದೇ ಶರತ್ತು, ಡೊಮೈನ್ ನಿಮ್ಮ ಹೆಸರಲ್ಲಿ ಇರಬೇಕು.

ಶರತ್ತು ಒಂದೇ ಆದ್ರೂ ಅದರ ರೇಟು ಕೇಳಿ. 1995ರ ಆಗಸ್ಟ್ 15ರಂದು ವಿದೇಶ್ ಸಂಚಾರ್ ನಿಗಮ್, ಅಂದ್ರೆ ವಿಎಸ್‌ಎನ್‌ಎಲ್, ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಕೊಡಲಿಕ್ಕೆ ಶುರು ಮಾಡಿತು. ಮೊದಲ ಪಟ್ಟಿಯಲ್ಲಿ ಇದ್ದದ್ದು ಬಾಂಬೆ, ದಿಲ್ಲಿ, ಕಲ್ಕತ್ತಾ, ಮದರಾಸು. ಬೆಂಗಳೂರು, ಪುಣೆ ಸ್ವಲ್ಪ ಆಮೇಲೆ. ಮಂಗಳೂರು ಆ ಪಟ್ಟಿಯಲ್ಲಿ ಇಲ್ಲ. ಬರೀ ಅಕ್ಷರ ಮಾತ್ರ ಕಾಣುವ ಕನೆಕ್ಷನ್ನಿಗೆ, 250 ಗಂಟೆಗೆ, ಸುಮಾರು 5,000 ರೂಪಾಯಿ. ಅದರ ಜೊತೆಗೆ ಫೋನ್ ಬಿಲ್ಲು ಬೇರೆ. ಇಷ್ಟು ಕೊಟ್ಟವರಿಗೆ ಸಿಗುತ್ತಿದ್ದ ಇಮೇಲ್ ವಿಳಾಸ ಹೇಗಿತ್ತು ಗೊತ್ತುಂಟಾ? ಬೆಂಗಳೂರಿನವರದ್ದು @ ಗಿಯಾಸ್‌ಬಿಜಿ ಸೊನ್ನೆ ಒಂದು ಡಾಟ್ ವಿಎಸ್‌ಎನ್‌ಎಲ್ ಡಾಟ್ ನೆಟ್ ಡಾಟ್ ಇನ್. ಅಂದ್ರೆ ವಿಳಾಸದ ಒಳಗೆ ನಿಮ್ಮ ಊರಿನ ಸರ್ವರಿನ ನಂಬರೂ ಉಂಟು! 1971ರ ಮಿಷನ್ ಹೆಸರಿನ ವಿಳಾಸವೇ ವಾಪಸ್ ಬಂದ ಹಾಗೆ. ಊರು ಬಿಟ್ರೆ, ಕನೆಕ್ಷನ್ ಬಿಟ್ರೆ, ವಿಳಾಸವೂ ಹೋಯ್ತು. ಕೊನೆಗೆ ಆ ವಿಎಸ್‌ಎನ್‌ಎಲ್ ಹೆಸರೇ ಉಳಿಯಲಿಲ್ಲ. 2002ರಲ್ಲಿ ಟಾಟಾ ಕೈಗೆ ಹೋಯ್ತು, 2008ರಲ್ಲಿ ಟಾಟಾ ಕಮ್ಯುನಿಕೇಷನ್ಸ್ ಅಂತಾಯ್ತು. ಆಮೇಲೆ ಬಿಎಸ್‌ಎನ್‌ಎಲ್‌ನವರ ಸಂಚಾರ್‌ನೆಟ್ ಬಂತು. ಹಳೆಯ ವಕೀಲರ, ಸಿಎಗಳ, ಕಾಲೇಜುಗಳ ಲೆಟರ್‌ಹೆಡ್ ಸಿಕ್ಕಿದ್ರೆ ನೋಡಿ, ಸಂಚಾರ್‌ನೆಟ್ ಡಾಟ್ ಇನ್ ಅಂತ ಇರ್ತದೆ. ಅದೂ ಈಗ ಮ್ಯೂಸಿಯಂ ಪೀಸ್.

ಸ್ವಂತ ಡೊಮೈನ್ ತಗೊಳ್ಳುವ ಅಂದ್ರೆ? 1995ರ ಸೆಪ್ಟೆಂಬರಿಂದ ಅಮೆರಿಕದ ನೆಟ್‌ವರ್ಕ್ ಸೊಲ್ಯೂಷನ್ಸ್ ಡಾಟ್ ಕಾಮ್ ಹೆಸರಿಗೆ ಎರಡು ವರ್ಷಕ್ಕೆ 100 ಡಾಲರ್ ತಗೊಳ್ಳಲಿಕ್ಕೆ ಶುರು ಮಾಡಿತು. ಅದಕ್ಕಿಂತ ಮೊದಲು ಫ್ರೀ ಇತ್ತು, ಆದ್ರೆ ನಮಗೆ ಇಂಟರ್ನೆಟ್ಟೇ ಇರಲಿಲ್ಲ! ಆಗಿನ ಡಾಲರ್ ರೇಟಲ್ಲಿ ಅದು ಮೂರು ಸಾವಿರ ರೂಪಾಯಿಗೂ ಮೇಲೆ. ಅದನ್ನು ಡಾಲರಿನಲ್ಲೇ ಕಟ್ಟಬೇಕು. ನಮ್ಮದೇ ಡಾಟ್ ಇನ್ ಇರಲಿಲ್ವಾ ಅಂತ ಕೇಳಬಹುದು. ಇತ್ತು, 1989ರಿಂದಲೇ. ಆದ್ರೆ ನಿಯಮ ಎಷ್ಟು ಬಿಗಿ ಅಂದ್ರೆ 1992ರಿಂದ 2004ರವರೆಗೆ, ಹನ್ನೆರಡು ವರ್ಷದಲ್ಲಿ, ಇಡೀ ಭಾರತದಲ್ಲಿ ನೋಂದಣಿ ಆದದ್ದು ಸುಮಾರು 7,000 ಹೆಸರು. ನಮ್ಮ ಒಂದು ದೊಡ್ಡ ಜಾತ್ರೆಗೆ ಅದಕ್ಕಿಂತ ಜಾಸ್ತಿ ಜನ ಸೇರ್ತಾರೆ.

ಹಾಗಾಗಿ ಫ್ರೀ ಮೇಲ್ ಗೆದ್ದದ್ದು ಆಶ್ಚರ್ಯ ಅಲ್ಲ. 1996ರ ಜುಲೈ 4ಕ್ಕೆ ಹಾಟ್‌ಮೇಲ್ ಬಂತು. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರು ಸಬೀರ್ ಭಾಟಿಯಾ, ಬೆಂಗಳೂರಲ್ಲಿ ಓದಿ ಬೆಳೆದವರು. ಇನ್ನೊಬ್ಬರು ಜ್ಯಾಕ್ ಸ್ಮಿತ್. ಒಂದೂವರೆ ವರ್ಷದೊಳಗೆ ಮೈಕ್ರೋಸಾಫ್ಟ್ ಅದನ್ನು ಸುಮಾರು 400 ಮಿಲಿಯನ್ ಡಾಲರಿಗೆ ತಗೊಂಡಿತು. ಅದು ನಮ್ಮ ಕರಾವಳಿಗೆ ಎಷ್ಟು ದೊಡ್ಡ ಸಂಗತಿ ಅನ್ನುವುದನ್ನು ಸಿಲಿಕಾನ್ ವ್ಯಾಲಿಯವರು ಬರೆದ ಇತಿಹಾಸದಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಇಲ್ಲಿ ಮನೆಗೊಬ್ಬ ಗಲ್ಫಲ್ಲಿ. ದುಬೈಗೆ ಫೋನ್ ಮಾಡಿದ್ರೆ ಮಿನಿಟಿಗೆ ಇಷ್ಟು ಅಂತ ಮೀಟರ್ ನೋಡಿಕೊಂಡು ಮಾತಾಡುವ ಕಾಲ. ಅಂಥ ಹೊತ್ತಿಗೆ ಹಂಪನಕಟ್ಟೆಯಲ್ಲಿ, ಜ್ಯೋತಿಯಲ್ಲಿ ಸೈಬರ್ ಕೆಫೆ ಬಂದು, ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು, ಹಾಟ್‌ಮೇಲಲ್ಲೋ ಯಾಹೂದಲ್ಲೋ ರೆಡಿಫ್‌ಮೇಲಲ್ಲೋ ಮಗುವಿನ ಫೋಟೊ ಕಳಿಸಬಹುದಿತ್ತು. ಊರು ಬದಲಾದ್ರೂ, ಕನೆಕ್ಷನ್ ಬದಲಾದ್ರೂ ವಿಳಾಸ ಅದೇ. ವಿಎಸ್‌ಎನ್‌ಎಲ್ ಕೊಡದ ಸ್ವಾತಂತ್ರ್ಯವನ್ನು ಹಾಟ್‌ಮೇಲ್ ಕೊಟ್ಟಿತು, ಅದನ್ನು ಸಣ್ಣದು ಮಾಡಿ ಹೇಳಬಾರದು.

ಆದ್ರೆ ಆಗಿನ ಶರತ್ತುಗಳನ್ನು ಈಗ ಓದಿದ್ರೆ ನಗು ಬರ್ತದೆ. ಜಾಗ 2 ಎಂಬಿ. 30 ದಿನ ಲಾಗಿನ್ ಆಗದಿದ್ರೆ ಮೇಲ್ ಎಲ್ಲ ಅಳಿಸಿ ಹಾಕ್ತಿದ್ರು. ಗಲ್ಫಿಂದ ಬಂದ ಎಷ್ಟು ಕಾಗದಗಳು ಹಾಗೆ ಹೋಗಿರಬಹುದು! ನೀಲಿ ಇನ್‌ಲ್ಯಾಂಡ್ ಲೆಟರುಗಳು ಕೆಲವು ಮನೆಯ ಟ್ರಂಕಲ್ಲಿ ಇನ್ನೂ ಇವೆ, 1999ರ ಇಮೇಲ್ ಯಾರ ಹತ್ರ ಉಂಟು? 2004ರ ಏಪ್ರಿಲ್ 1ಕ್ಕೆ ಜಿಮೇಲ್ 1 ಜಿಬಿ ಕೊಡ್ತೇವೆ ಅಂದಾಗ ಏಪ್ರಿಲ್ ಫೂಲ್ ಅಂದುಕೊಂಡವರೇ ಜಾಸ್ತಿ. ಆ ಜಿಮೇಲ್ ಕೂಡ ಈಗ, 2023ರ ಡಿಸೆಂಬರಿಂದ, ಎರಡು ವರ್ಷ ಮುಟ್ಟದ ಖಾತೆಗಳನ್ನು ಅಳಿಸ್ತದೆ. ತೀರಿಕೊಂಡ ಅಪ್ಪನ ಮೇಲ್ ಬಾಕ್ಸ್ ಇದ್ದವರು ಇದನ್ನು ತಲೆಯಲ್ಲಿ ಇಟ್ಟುಕೊಳ್ಳಿ.

ನಂದೊಂದು ಸಣ್ಣ ಅನುಭವ ಹೇಳ್ತೇನೆ. ಬಿಕಾಂ ಮಾಡುವಾಗ ಕಾಲೇಜಿನಿಂದ ಒಂದು ಇಮೇಲ್ ಕೊಟ್ಟಿದ್ರು, ಕಾಲೇಜಿನ ಹೆಸರಿಂದು, ತುಂಬ ಗತ್ತಿನದ್ದು. ಇಂಟರ್ನ್‌ಶಿಪ್ ಅರ್ಜಿ ಎಲ್ಲ ಅದರಿಂದಲೇ ಹಾಕಿದ್ದೆವು. ಡಿಗ್ರಿ ಮುಗಿದು ಆರು ತಿಂಗಳಲ್ಲಿ, ಮಾತಿಲ್ಲ ಕತೆಯಿಲ್ಲ, ಬಂದ್. ಯಾವ ಕಾಲೇಜು ಅಂತ ಹೇಳುವುದಿಲ್ಲ, ಯಾಕಂದ್ರೆ ಇದು ಒಂದು ಕಾಲೇಜಿನ ಕಥೆ ಅಲ್ಲ. ಕಾಲೇಜುಗಳ ಹೆಸರೂ ಗಟ್ಟಿ ಅಲ್ಲ. ಸುರತ್ಕಲ್ಲಿನ ಕೆಆರ್‌ಇಸಿ 2002ರಲ್ಲಿ ಎನ್‌ಐಟಿಕೆ ಆಯ್ತು. ಆಮೇಲೆ ಡಾಟ್ ಎಸಿ ಡಾಟ್ ಇನ್ ಇದ್ದದ್ದು ಡಾಟ್ ಇಡಿಯು ಡಾಟ್ ಇನ್ ಆಯ್ತು. ಪ್ರೊಫೆಸರುಗಳ ಹಳೆಯ ಸಂಶೋಧನಾ ಲೇಖನಗಳಲ್ಲಿ ಹಳೆಯ ವಿಳಾಸಗಳೇ ಅಚ್ಚಾಗಿ ಉಳಿದಿವೆ.

ಬಾಗಿಲು ತೆರೆದದ್ದು 2005ರಲ್ಲಿ. ಆ ವರ್ಷ ಡಾಟ್ ಇನ್ ನಿಯಮಗಳನ್ನು ಸಡಿಲ ಮಾಡಿದ್ರು. ನಿಕ್ಸಿ ಅನ್ನುವ ಸಂಸ್ಥೆಯ ಅಡಿಯಲ್ಲಿ ಫೆಬ್ರವರಿ 16ರಿಂದ ಯಾರು ಬೇಕಾದ್ರೂ ಹೆಸರು ತಗೊಳ್ಳಬಹುದು ಅಂತಾಯ್ತು. ಅದಕ್ಕೆ ಒಂದು ವರ್ಷ ಮೊದಲು ಸತ್ಯಂ ಇನ್ಫೋವೇ ಮತ್ತು ಸಿಫಿನೆಟ್ ಸೊಲ್ಯೂಷನ್ಸ್ ನಡುವಿನ ಕೇಸಲ್ಲಿ ಸುಪ್ರೀಂ ಕೋರ್ಟ್, ಡೊಮೈನ್ ಹೆಸರಿಗೂ ಟ್ರೇಡ್‌ಮಾರ್ಕಿನಂಥ ರಕ್ಷಣೆ ಉಂಟು ಅಂತ ಹೇಳಿತ್ತು. ಬಿಸಿನೆಸ್ ಲಾ ಕ್ಲಾಸಲ್ಲಿ ಇದನ್ನು ಹೇಳಿಕೊಟ್ಟಿದ್ರೆ ನಾನು ನಿದ್ದೆ ಮಾಡ್ತಿರಲಿಲ್ಲ.

2006ರ ಆಗಸ್ಟಲ್ಲಿ ಗೂಗಲ್ ಇನ್ನೊಂದು ಹೆಜ್ಜೆ ಮುಂದೆ ಹೋಯ್ತು. ನಿಮ್ಮದೇ ಡೊಮೈನಿಗೆ ಜಿಮೇಲ್ ಕೊಡ್ತೇವೆ, ಫ್ರೀ ಅಂತ. ಸಣ್ಣ ಅಂಗಡಿಯವರು, ಸಂಘಗಳು, ಕುಟುಂಬಗಳು ತಗೊಂಡ್ರು. 2012ರ ಡಿಸೆಂಬರಲ್ಲಿ ಹೊಸಬರಿಗೆ ಫ್ರೀ ನಿಂತಿತು. 2022ರ ಜನವರಿಯಲ್ಲಿ ಹಳಬರೂ ದುಡ್ಡು ಕೊಡಬೇಕು ಅಂದ್ರು. ಗಲಾಟೆ ಆಯ್ತು. ಕೊನೆಗೆ ವ್ಯಾಪಾರಕ್ಕಲ್ಲದೆ ಸ್ವಂತಕ್ಕೆ ಬಳಸುವವರು ಮುಂದುವರಿಸಬಹುದು ಅಂತ ಗೂಗಲ್ ಹಿಂದೆ ಸರಿಯಿತು. ಆ ಕೆಲವು ತಿಂಗಳಲ್ಲಿ ಏನಾಯ್ತು ಅನ್ನುವುದು ನಂಗೆ ಮುಖ್ಯ. ಕೆಲವರು ಎಂಎಕ್ಸ್ ರೆಕಾರ್ಡ್ ಬದಲಿಸಿ ಬೇರೆ ಕಂಪನಿಗೆ ಹೋದ್ರು. ವಿಳಾಸ ಬದಲಾಗಲಿಲ್ಲ. ಬಾಡಿಗೆ ಜಾಸ್ತಿ ಮಾಡಿದ ಮಾಲೀಕನಿಗೆ ಟಾಟಾ ಹೇಳಿದ್ರು, ಮನೆ ನಂಬರ್ ಜೊತೆಗೇ ತಗೊಂಡು ಹೋದ್ರು.

ಇದರ ಅತಿ ದೊಡ್ಡ ಉದಾಹರಣೆ ನಮ್ಮ ಕೇಂದ್ರ ಸರ್ಕಾರ. ಸುಮಾರು 12 ಲಕ್ಷ ಸರ್ಕಾರಿ ನೌಕರರ ಮೇಲ್ ಈಗ ಚೆನ್ನೈ ಮೂಲದ ಝೋಹೊ ವ್ಯವಸ್ಥೆಗೆ ಹೋಗಿದೆ. ಒಳಗಿನ ಯಂತ್ರ, ಸಾಫ್ಟ್‌ವೇರ್ ಎಲ್ಲ ಬೇರೆ. ಹೊರಗೆ? ಅದೇ ಎನ್‌ಐಸಿ ಡಾಟ್ ಇನ್, ಅದೇ ಗವ್ ಡಾಟ್ ಇನ್. ಮೇಲ್ ಕಳಿಸುವ ನಮಗೆ ನಿಮಗೆ ಗೊತ್ತೇ ಆಗಲಿಲ್ಲ.

ಸರ್ಕಾರ ಮಾಡಿದ್ದನ್ನು ನೀವೂ ಮಾಡಬಹುದು. ಖರ್ಚಿನ ಲೆಕ್ಕ ನೋಡುವ. ಡಾಟ್ ಇನ್ ಹೆಸರು ವರ್ಷಕ್ಕೆ ಐನೂರರಿಂದ ಸಾವಿರದೊಳಗೆ ಸಿಗ್ತದೆ. ಡಾಟ್ ಕಾಮ್ ಸ್ವಲ್ಪ ಜಾಸ್ತಿ, ಅದರ ಸಗಟು ದರವೇ 10.26 ಡಾಲರ್. ಹುಷಾರು, ಮೊದಲ ವರ್ಷ 99 ರೂಪಾಯಿ ಅಂತ ಜಾಹೀರಾತು ಇರ್ತದೆ, ಎರಡನೇ ವರ್ಷದ ರೇಟು ಕೆಳಗೆ ಸಣ್ಣ ಅಕ್ಷರದಲ್ಲಿ. ನೋಡಬೇಕಾದದ್ದು ರಿನ್ಯೂವಲ್ ರೇಟು. ಮೇಲ್ ಬಾಕ್ಸಿಗೆ ಝೋಹೊದ ಫ್ರೀ ಪ್ಲಾನ್ ಉಂಟು, ಐದು ಜನರ ತನಕ, ತಲಾ 5 ಜಿಬಿ. ಆದ್ರೆ ವೆಬ್ಬಲ್ಲಿ ಮತ್ತು ಅವರದೇ ಆ್ಯಪಲ್ಲಿ ಮಾತ್ರ ತೆರೆಯಬಹುದು. ಬೇರೆ ಆ್ಯಪ್ ಬೇಕಿದ್ರೆ ತಿಂಗಳಿಗೆ ಸುಮಾರು 60 ರೂಪಾಯಿಯ ಪ್ಲಾನ್. ಎರಡೂ ಸೇರಿ ತಿಂಗಳಿಗೆ ಒಂದು ಗಡ್‌ಬಡ್ ಐಸ್‌ಕ್ರೀಮಿನ ದುಡ್ಡು, ಹೆಚ್ಚುಕಮ್ಮಿ. ಅದೂ ಬೇಡ ಅಂದ್ರೆ ಕ್ಲೌಡ್‌ಫ್ಲೇರ್ 2021ರಿಂದ ಫ್ರೀ ಫಾರ್ವರ್ಡಿಂಗ್ ಕೊಡ್ತದೆ. ನಿಮ್ಮ ಡೊಮೈನಿಗೆ ಬಂದದ್ದು ನಿಮ್ಮ ಜಿಮೇಲಿಗೇ ಬಂದು ಬೀಳ್ತದೆ. ಅದರಲ್ಲಿ ಬರುವುದು ಸುಲಭ, ಅದೇ ಹೆಸರಿಂದ ಕಳಿಸುವುದು ಸ್ವಲ್ಪ ಕಿರಿಕಿರಿ.

ಸೆಟ್ ಮಾಡುವುದು ಕಷ್ಟ ಇಲ್ಲ. ಡೊಮೈನ್ ತಗೊಂಡ ಕಡೆ ಡಿಎನ್‌ಎಸ್ ಅಂತ ಒಂದು ಪುಟ ಉಂಟು. ಮೇಲ್ ಕಂಪನಿಯವರು ಕೊಡುವ ನಾಲ್ಕೈದು ಸಾಲನ್ನು ಅಲ್ಲಿ ಕಾಪಿ ಪೇಸ್ಟ್ ಮಾಡಬೇಕು. ಎಂಎಕ್ಸ್ ಯಾಕೆ ಅಂತ ಆಗಲೇ ಹೇಳಿದೆ. ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಅಂತ ಇನ್ನು ಮೂರು. ಎಸ್‌ಪಿಎಫ್ ಅಂದ್ರೆ ನನ್ನ ಹೆಸರಲ್ಲಿ ಕಾಗದ ಹಾಕಲಿಕ್ಕೆ ಯಾರಿಗೆಲ್ಲ ಅನುಮತಿ ಉಂಟು ಅನ್ನುವ ಪಟ್ಟಿ. ಡಿಕೆಐಎಂ ಅಂದ್ರೆ ಲಕೋಟೆಯ ಮೇಲಿನ ಸೀಲು. ಡಿಮಾರ್ಕ್ ಅಂದ್ರೆ ಪಟ್ಟಿಗೂ ಸೀಲಿಗೂ ತಾಳೆ ಆಗದಿದ್ರೆ ಏನು ಮಾಡಬೇಕು ಅನ್ನುವ ಸೂಚನೆ. 2024ರ ಫೆಬ್ರವರಿಯಿಂದ ಗೂಗಲ್, ಯಾಹೂ ಎರಡೂ ಇದರಲ್ಲಿ ಬಿಗಿ ಆಗಿವೆ. ಈ ಮೂರು ಇಲ್ಲದಿದ್ರೆ ನಿಮ್ಮ ಕೆಲಸದ ಅರ್ಜಿ ಎಚ್‌ಆರ್‌ನ ಸ್ಪ್ಯಾಮಲ್ಲಿ ಕೂತಿರ್ತದೆ. ಸ್ವಂತ ಸರ್ವರ್ ಇಟ್ಟು ಎಲ್ಲ ನಾನೇ ಮಾಡ್ತೇನೆ ಅನ್ನುವ ಉತ್ಸಾಹಿಗಳಿಗೆ ದೊಡ್ಡ ನಮಸ್ಕಾರ, ಈ ಕಂತು ನಿಮಗಲ್ಲ.

ಈಗ ಇದರ ಕಷ್ಟದ ಮಗ್ಗುಲು. ಡೊಮೈನ್ ಸ್ವಂತದ್ದು ಅಂದೆ, ಪೂರ್ತಿ ಸ್ವಂತ ಅಲ್ಲ. ಅದೂ ಲೀಸು, ಒಂದು ಸಲಕ್ಕೆ ಹೆಚ್ಚೆಂದ್ರೆ ಹತ್ತು ವರ್ಷದ್ದು. ಲೀಸ್ ಮುಗಿದು ಮರೆತ್ರೆ? 1999ರ ಕ್ರಿಸ್‌ಮಸ್ ಹಿಂದಿನ ದಿನ ಪಾಸ್‌ಪೋರ್ಟ್ ಡಾಟ್ ಕಾಮ್ ಅನ್ನುವ ಹೆಸರನ್ನು ರಿನ್ಯೂ ಮಾಡದೆ ಬಿಟ್ಟು ಹಾಟ್‌ಮೇಲ್ ಲಾಗಿನ್ ಕೆಟ್ಟು ಹೋಗಿತ್ತು. ಕಟ್ಟಬೇಕಾದದ್ದು 35 ಡಾಲರ್. ಮೈಕ್ರೋಸಾಫ್ಟಿನ ಹತ್ರ ದುಡ್ಡಿಗೆ ಬರ ಇರಲಿಲ್ಲ ಅಲ್ವಾ. ಕೊನೆಗೆ ಮೈಕಲ್ ಚೇನಿ ಅನ್ನುವ ಒಬ್ಬ ಲಿನಕ್ಸ್ ಪ್ರೋಗ್ರಾಮರ್ ತನ್ನ ಕಾರ್ಡಿಂದ ಆ 35 ಡಾಲರ್ ಕಟ್ಟಿದರು. ನಿಮಗೆ ಹಾಗೆ ಯಾರೂ ಕಟ್ಟುವುದಿಲ್ಲ. ನಿಮ್ಮ ಹೆಸರು ಇನ್ನೊಬ್ಬರ ಕೈಗೆ ಹೋದ್ರೆ ಅವರು ಎಂಎಕ್ಸ್ ಬದಲಿಸಬಹುದು. ಆಮೇಲೆ ನಿಮ್ಮ ಹಳೆಯ ವಿಳಾಸಕ್ಕೆ ಬರುವ ಪಾಸ್‌ವರ್ಡ್ ರೀಸೆಟ್ ಎಲ್ಲ ಅವರಿಗೆ ಹೋಗ್ತದೆ. ಇದು ಸಣ್ಣ ವಿಷಯ ಅಲ್ಲ.

ಆಟೋ ರಿನ್ಯೂ ಹಾಕಿದ್ದೇನೆ ಅಂತ ಆರಾಮಲ್ಲಿ ಇರಬೇಡಿ. 2021ರ ಅಕ್ಟೋಬರ್ 1ರಿಂದ ಆರ್‌ಬಿಐನ ಹೊಸ ನಿಯಮ ಬಂದ ಮೇಲೆ ವಿದೇಶಿ ಕಂಪನಿಗಳಿಗೆ ನಮ್ಮ ಕಾರ್ಡಿನಿಂದ ತನ್ನಷ್ಟಕ್ಕೆ ದುಡ್ಡು ಹೋಗುವುದು ಎಷ್ಟೋ ಕಡೆ ನಿಂತಿದೆ. ನಿಯಮ ಒಳ್ಳೆಯದೇ, ಆದ್ರೆ ಡೊಮೈನಿಗೆ ಅಪಾಯ. ಮೂರು ಅಥವಾ ಐದು ವರ್ಷದ್ದು ಒಟ್ಟಿಗೆ ಕಟ್ಟಿಬಿಡಿ. ಮತ್ತೆ ಡೊಮೈನ್ ಕಂಪನಿಯ ಲಾಗಿನ್‌ಗೆ ಅದೇ ಡೊಮೈನಿನ ಮೇಲ್ ಕೊಡಬೇಡಿ. ಬೀಗದ ಕೈಯನ್ನು ಮನೆಯ ಒಳಗಿಟ್ಟು ಬಾಗಿಲು ಹಾಕಿದ ಹಾಗೆ ಆಗ್ತದೆ. ಹಳೆಯ ಜಿಮೇಲನ್ನು ಅದಕ್ಕೆ ಇಟ್ಟುಕೊಳ್ಳಿ, ಟೂ ಫ್ಯಾಕ್ಟರ್ ಹಾಕಿ.

ಹೆಸರು ಏನು ಇಡುವುದು? ಇದಕ್ಕೆ ಮಂಗಳೂರಿನವರಿಗೆ ಒಂದು ವಿಶೇಷ ಸಲಹೆ ಉಂಟು: ಊರಿನ ಹೆಸರು ಹಾಕಬೇಡಿ. 2014ರ ನವೆಂಬರ್ 1ಕ್ಕೆ ಇಂಗ್ಲಿಷಿನಲ್ಲೂ ಮ್ಯಾಂಗಲೋರ್ ಹೋಗಿ ಮಂಗಳೂರು ಬಂತು. ಆದ್ರೆ ಹಳೆಯ ಸ್ಪೆಲ್ಲಿಂಗಲ್ಲಿ ಡೊಮೈನ್ ತಗೊಂಡವರು ಅದನ್ನೇ ಇಟ್ಟುಕೊಂಡಿದ್ದಾರೆ, ಹೊಸಬರು ಹೊಸತು ತಗೊಳ್ತಾರೆ. ಫೋನಲ್ಲಿ ಹೇಳುವಾಗ ಯಾವುದು ಅಂತ ಎರಡೆರಡು ಸಲ ಹೇಳಬೇಕು. ಇದು ಹೊಸ ಸಮಸ್ಯೆಯೂ ಅಲ್ಲ. ಕನ್ನಡದ ಮೊದಲ ಪತ್ರಿಕೆ ನಮ್ಮ ಊರಿಂದೇ, 1843ರ ಜುಲೈ 1ಕ್ಕೆ ಹರ್ಮನ್ ಮೊಗ್ಲಿಂಗ್ ತಂದದ್ದು, ಹೆಸರು ಮಂಗಳೂರ ಸಮಾಚಾರ. ಮರುವರ್ಷ ಅದರ ಮುದ್ರಣ ಬಳ್ಳಾರಿಗೆ ಹೋಯ್ತು. ಬಳ್ಳಾರಿಯಿಂದ ಬರುವ ಪತ್ರಿಕೆಗೆ ಮಂಗಳೂರ ಸಮಾಚಾರ ಅನ್ನಲಿಕ್ಕೆ ಆಗ್ತದಾ? ಕನ್ನಡ ಸಮಾಚಾರ ಅಂತ ಮಾಡಿದ್ರು. ಡೊಮೈನಲ್ಲಿ ಹಾಗೆ ಹೆಸರು ತಿದ್ದಲಿಕ್ಕೆ ಆಗುವುದಿಲ್ಲ, ಹೊಸದೇ ತಗೊಳ್ಳಬೇಕು. ಮನೆತನದ ಹೆಸರು, ನಿಮ್ಮದೇ ಹೆಸರು, ಫೋನಲ್ಲಿ ಒಮ್ಮೆ ಹೇಳಿದ್ರೆ ಬರೆದುಕೊಳ್ಳುವಂಥದ್ದು ಸಾಕು. ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಕೂಡ ಉಂಟು. ನಂಗೆ ಅದರ ಮೇಲೆ ಪ್ರೀತಿ, ಆದ್ರೆ ಎಷ್ಟೋ ಸರ್ಕಾರಿ, ಖಾಸಗಿ ಫಾರ್ಮುಗಳು ಕನ್ನಡ ಅಕ್ಷರದ ಇಮೇಲನ್ನು ತಪ್ಪು ಅಂತಲೇ ಹೇಳ್ತವೆ. ಮುಖ್ಯ ವಿಳಾಸಕ್ಕೆ ಈಗಲೇ ಬೇಡ.

ಬ್ಯಾಂಕಿಂದ ಶುರು ಮಾಡಿದ್ದೆ, ಬ್ಯಾಂಕಿನ ಒಂದು ಹೊಸ ಸುದ್ದಿಯೂ ಉಂಟು. 2025ರಲ್ಲಿ ಆರ್‌ಬಿಐ ಎಲ್ಲ ಬ್ಯಾಂಕುಗಳೂ ಅಕ್ಟೋಬರ್ 31ರೊಳಗೆ ಬ್ಯಾಂಕ್ ಡಾಟ್ ಇನ್ ಅನ್ನುವ ವಿಶೇಷ ಡೊಮೈನಿಗೆ ಬರಬೇಕು ಅಂತ ಹೇಳಿತು. ನಕಲಿ ಬ್ಯಾಂಕ್ ಸೈಟುಗಳ ಕಾಟ ಅಷ್ಟು ಜೋರಾಗಿದೆ. ಅಂದ್ರೆ ಬಲಗಡೆಯ ಹೆಸರನ್ನು ನೋಡಿ ನಂಬಬೇಕು ಅಂತ ರಿಸರ್ವ್ ಬ್ಯಾಂಕೇ ಹೇಳ್ತಾ ಉಂಟು. ಇನ್ನು ಮುಂದೆ ಬ್ಯಾಂಕಿಂದ ಅಂತ ಮೇಲ್ ಬಂದ್ರೆ, ಲಿಂಕ್ ಒತ್ತುವ ಮೊದಲು ಅದು ಬ್ಯಾಂಕ್ ಡಾಟ್ ಇನ್ ಅಂತಲೇ ಮುಗೀತದಾ ಅಂತ ನೋಡಿ.

ಮತ್ತೆ ನಿಮ್ಮ ಸ್ವಂತ ವಿಳಾಸ ಸಿದ್ಧ ಆದಮೇಲೆ ಒಂದೇ ದಿನ ಎಲ್ಲ ಬದಲಿಸಲಿಕ್ಕೆ ಹೋಗಬೇಡಿ. ಮೊದಲು ಹೊಸತಾಗಿ ಎಲ್ಲಿ ಕೇಳ್ತಾರೋ ಅಲ್ಲಿ ಕೊಡಿ. ಆಮೇಲೆ ರೆಸ್ಯೂಮೆ, ಪಿಎಫ್, ಆದಾಯ ತೆರಿಗೆ, ಮ್ಯೂಚುವಲ್ ಫಂಡ್, ಬ್ಯಾಂಕ್, ವಾರಕ್ಕೆ ಒಂದರ ಹಾಗೆ. ಹಳೆಯದರಲ್ಲಿ ಫಾರ್ವರ್ಡ್ ಹಾಕಿ ಎರಡು ವರ್ಷ ಬಿಡಿ. ಡೊಮೈನಿನ ಲಾಗಿನ್ ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿರಲಿ, ಎಲ್‌ಐಸಿ ಬಾಂಡ್ ಎಲ್ಲಿದೆ ಅಂತ ಹೇಳಿಟ್ಟ ಹಾಗೆ. ಸೆಟ್ ಮಾಡುವಾಗ ಎಲ್ಲಾದ್ರೂ ಸಿಕ್ಕಿ ಹಾಕಿಕೊಂಡ್ರೆ ಪ್ರಶ್ನೆ ಕಳಿಸಿ, ಮುಂದಿನ ಕಂತಿನ ಕೊನೆಯ ಹತ್ತು ನಿಮಿಷ ಅದಕ್ಕೇ ಇಡ್ತೇನೆ. ಸಿಗುವ.